ಮುತ್ತು ಕಟ್ಟುವ ಅಧಿಕಾರ: ಎಲ್ಲಮ್ಮ ಪರಂಪರೆಯ ಧಾರ್ಮಿಕ ನಾಯಕತ್ವ ಮತ್ತು ಸ್ತ್ರೀನ್ಯಾಯ

ಎಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿಯನ್ನು ಕುರಿತು ಕನ್ನಡದಲ್ಲಿ ಸಾಕಷ್ಟು ಬರವಣಿಗೆ ನಡೆದಿದೆ. ಪದ್ಧತಿಯ ಮೂಲವನ್ನು ಶಾಸನಗಳಲ್ಲಿ ಅರಸಿದ ಲೇಖನಗಳಿವೆ, ಅದರ ಹಿಂದಿನ ಬಡತನ, ಜಾತಿ ಹಾಗೂ ಜಮೀನ್ದಾರಿಕೆಯ ಹಿತಾಸಕ್ತಿಗಳನ್ನು ಬಿಡಿಸಿ ತೋರಿಸಿದ ಸಮಾಜಶಾಸ್ತ್ರೀಯ ಅಧ್ಯಯನಗಳಿವೆ, ಕಾನೂನುಗಳ ವಿವರಗಳಿವೆ. ಇವುಗಳ ನಡುವೆ ಒಂದು ಸರಳ ಪ್ರಶ್ನೆ ಹಿಂದೆ ಸರಿದಿದೆ. ಮುತ್ತನ್ನು ಕಟ್ಟುವವರು ಯಾರು? ಯಾರ ಮಾತಿನ ಬಲದಿಂದ ಒಬ್ಬ ಹುಡುಗಿ ಒಂದು ದಿನದ ಬೆಳಗಿಗೂ ಸಂಜೆಗೂ ನಡುವೆ ಮದುವೆಯ ಹಕ್ಕನ್ನು ಕಳೆದುಕೊಳ್ಳುತ್ತಾಳೆ? ಆ ಮಾತನ್ನು ಹೇಳುವ ಅಧಿಕಾರ ಅವರಿಗೆ ಬಂದದ್ದು ಎಲ್ಲಿಂದ, ಮತ್ತು ಅದೇ ಅಧಿಕಾರವನ್ನು ಬಳಸಿ ಮುತ್ತು ಕಟ್ಟಬಾರದೆಂದು ಹೇಳಲು ಸಾಧ್ಯವೇ?

ಧಾರ್ಮಿಕ ನಾಯಕರು ಸ್ತ್ರೀನ್ಯಾಯಕ್ಕಾಗಿ ದುಡಿಯಬೇಕೆಂಬ ಮಾತು ವೇದಿಕೆಗಳ ಮೇಲೆ ಆಗಾಗ ಕೇಳಿಬರುತ್ತದೆ. ಆದರೆ ಧಾರ್ಮಿಕ ನಾಯಕರೆಂದರೆ ಮಠಾಧೀಶರು, ಅರ್ಚಕರು, ಆಗಮ ಪಂಡಿತರು ಎಂದಷ್ಟೇ ತಿಳಿಯುವುದು ರೂಢಿಯಾಗಿದೆ. ಎಲ್ಲಮ್ಮ ಪರಂಪರೆಯನ್ನು ಒಳಗಿನಿಂದ ನೋಡಿದಾಗ ಈ ತಿಳಿವಳಿಕೆ ಸಾಲದೆನ್ನಿಸುತ್ತದೆ. ಇಲ್ಲಿನ ನಿರ್ಣಾಯಕ ಧಾರ್ಮಿಕ ವ್ಯಕ್ತಿ ಹೆಚ್ಚಿನ ಸಂದರ್ಭಗಳಲ್ಲಿ ಒಬ್ಬ ಹೆಂಗಸು, ದಲಿತ ಸಮುದಾಯಕ್ಕೆ ಸೇರಿದವಳು, ಅಕ್ಷರ ಬಾರದವಳು ಮತ್ತು ಸ್ವತಃ ಮುತ್ತು ಕಟ್ಟಿಸಿಕೊಂಡವಳು. ಅವಳೇ ಜೋಗತಿ.

ಸೂಚನೆಯನ್ನು ಓದುವವರು

ಬೆಳಗಾವಿ, ಬಾಗಲಕೋಟೆ, ವಿಜಯಪುರ, ರಾಯಚೂರು, ಕೊಪ್ಪಳ, ಬಳ್ಳಾರಿ ಭಾಗಗಳಲ್ಲಿ ಈ ಆಚರಣೆಗೆ ಇರುವ ಹೆಸರುಗಳೇ ಅದರ ಸ್ವರೂಪವನ್ನು ಹೇಳುತ್ತವೆ. ‘ಮುತ್ತು ಕಟ್ಟುವುದು’, ‘ದೇವರಿಗೆ ಬಿಡುವುದು’, ‘ಬಸವಿ ಬಿಡುವುದು’ ಎಂಬ ಮೂರು ನುಡಿಗಟ್ಟುಗಳಲ್ಲಿಯೂ ಹೆಣ್ಣು ಕರ್ಮಪದದ ಸ್ಥಾನದಲ್ಲಿದ್ದಾಳೆ. ಕಟ್ಟುವವರು, ಬಿಡುವವರು ಬೇರೆಯವರು. ‘ದೇವದಾಸಿ’ ಎಂಬುದು ಕಾನೂನಿನ ಹಾಗೂ ಸರ್ಕಾರಿ ಕಡತಗಳ ಶಬ್ದ. ಹಳ್ಳಿಯ ಮಾತಿನಲ್ಲಿ ಅದು ಇತ್ತೀಚೆಗೆ ಸೇರಿಕೊಂಡದ್ದು.

ಮುತ್ತು ಕಟ್ಟುವ ನಿರ್ಧಾರಕ್ಕೆ ಸಾಮಾನ್ಯವಾಗಿ ಒಂದು ‘ಸೂಚನೆ’ ಬೇಕು. ಹುಡುಗಿಯ ತಲೆಗೂದಲು ಗಂಟುಗಟ್ಟಿ ಜಡೆಯಾಗುವುದು, ಮೈಮೇಲೆ ಬಿಳಿ ಮಚ್ಚೆ ಅಥವಾ ಹುಣ್ಣು ಕಾಣಿಸುವುದು, ಮನೆಯಲ್ಲಿ ಗಂಡುಮಕ್ಕಳು ಉಳಿಯದಿರುವುದು, ದನಕರುಗಳು ಸಾಯುವುದು, ತಂದೆಗೆ ವಾಸಿಯಾಗದ ಕಾಯಿಲೆ ಬರುವುದು ಇವೆಲ್ಲ ಅಂತಹ ಸೂಚನೆಗಳೆಂದು ಪರಿಗಣಿತವಾಗಿವೆ. ಇವು ತಮ್ಮಷ್ಟಕ್ಕೆ ತಾವು ಏನನ್ನೂ ಹೇಳುವುದಿಲ್ಲ. ಎಣ್ಣೆ, ನೀರು ಕಾಣದ ಕೂದಲು ಗಂಟಾಗುವುದು ಸಹಜ. ಆ ಗಂಟನ್ನು ‘ತಾಯಿ ಬಂದು ಕುಂತಾಳ’ ಎಂದು ಓದುವವರೊಬ್ಬರು ಬೇಕು. ಊರಿನ ಹಿರಿಯ ಜೋಗತಿ, ಮೈಮೇಲೆ ದೇವರು ಬರುವ ವ್ಯಕ್ತಿ, ಕೆಲವು ಕಡೆ ಚಿಕ್ಕ ಗುಡಿಯ ಪೂಜಾರಿ ಈ ಓದನ್ನು ಮಾಡುತ್ತಾರೆ. ಜಡೆಗೆ ಕತ್ತರಿ ತಾಗಿಸಬಾರದು, ಬಾಚಬಾರದು, ಭಂಡಾರ ಹಚ್ಚಬೇಕು ಎಂಬ ವಿಧಿಯನ್ನು ಹೇಳುವವರೂ ಇವರೇ. ಒಮ್ಮೆ ಈ ಓದು ಬಾಯಿಂದ ಹೊರಬಿದ್ದರೆ ಅದನ್ನು ಮೀರುವುದು ಬಡ ಕುಟುಂಬಕ್ಕೆ ಕಷ್ಟ. ಮುಂದೆ ಮನೆಯಲ್ಲಿ ಏನು ಕೆಡುಕಾದರೂ ಅದು ದೇವಿಯ ಮಾತನ್ನು ಮೀರಿದ ಫಲವೆಂದೇ ಎಣಿಕೆಯಾಗುತ್ತದೆ.

ಎರಡನೆಯ ಅಧಿಕಾರ ಕುಲದ ಹಿರಿಯರದು. ಉತ್ತರ ಕರ್ನಾಟಕದಲ್ಲಿ ‘ದೈವ’ ಎಂಬ ಶಬ್ದಕ್ಕೆ ದೇವರೆಂಬ ಅರ್ಥದ ಜೊತೆಗೆ ಕೂಡಿ ಕುಳಿತ ಜನ, ಪಂಚರ ಸಭೆ ಎಂಬ ಅರ್ಥವೂ ಇದೆ. ‘ದೈವ ಕೂಡಿಸುವುದು’ ಎಂದರೆ ಹಿರಿಯರನ್ನು ಸೇರಿಸುವುದು. ಮದುವೆಗೆ ಹೇಗೆ ದೈವದ ಒಪ್ಪಿಗೆ ಬೇಕೋ ಹಾಗೆಯೇ ಮುತ್ತು ಕಟ್ಟುವುದಕ್ಕೂ ಅವರ ಸಾಕ್ಷಿ ಬೇಕು. ವೀಳ್ಯ ಹಿಡಿದು ಎದ್ದ ಹಿರಿಯರ ಸಮ್ಮತಿಯಿಂದ ಹುಡುಗಿಯ ಹೊಸ ಸ್ಥಾನ ಊರಿಗೆ ಸಾರಲ್ಪಡುತ್ತದೆ. ಆ ಬಳಿಕ ಅವಳನ್ನು ಯಾರೂ ಹೆಂಡತಿಯಾಗಿ ಕೇಳಿಬರುವುದಿಲ್ಲ.

ಮೂರನೆಯದು ಕ್ರಿಯೆಯನ್ನು ನಡೆಸುವ ಅಧಿಕಾರ. ಹಿಂದೆ ಇದು ಸವದತ್ತಿಯ ಗುಡ್ಡದಲ್ಲಿ, ಕೊಪ್ಪಳ ಜಿಲ್ಲೆಯ ಹುಲಿಗಿಯಲ್ಲಿ ಮತ್ತು ಇತರ ಶಕ್ತಿಕ್ಷೇತ್ರಗಳಲ್ಲಿ ಜಾತ್ರೆಯ ಸಮಯಕ್ಕೆ ನಡೆಯುತ್ತಿತ್ತು. ಹುಡುಗಿಗೆ ಎಣ್ಣೆ ಅರಿಸಿನ ಹಚ್ಚಿ ಮೀಯಿಸಿ, ಹೊಸ ಸೀರೆ, ಹಸಿರು ಬಳೆ ತೊಡಿಸಿ, ಕಂಬಳಿಯ ಗದ್ದುಗೆಯ ಮೇಲೆ ಕೂರಿಸಿ, ಸಾಮಾನ್ಯವಾಗಿ ಐವರು ಜೋಗತಿಯರು ಸೇರಿ ಕೆಂಪು ಬಿಳಿ ಮಣಿಗಳ ಸರವನ್ನು ಕೊರಳಿಗೆ ಕಟ್ಟುತ್ತಾರೆ. ಕೈಗೆ ಹಡಲಿಗೆ ಕೊಟ್ಟು ಮಂಗಳವಾರ, ಶುಕ್ರವಾರ ಜೋಗ ಬೇಡಬೇಕೆಂಬ ಕಟ್ಟಳೆಯನ್ನು ಹೇಳಲಾಗುತ್ತದೆ. ಈ ಕ್ರಿಯೆಯ ರಚನೆಯನ್ನು ಗಮನಿಸಿದರೆ ಅದು ಮದುವೆಯ ವಿಧಿಗಳನ್ನು ಒಂದೊಂದಾಗಿ ಹೋಲುವುದು ಕಾಣುತ್ತದೆ. ಎಣ್ಣೆ ಅರಿಸಿನವಿದೆ, ಹಸೆಯಿದೆ, ಬಳೆಯಿದೆ, ತಾಳಿಯ ಸ್ಥಾನದಲ್ಲಿ ಮುತ್ತಿದೆ, ಊಟವಿದೆ. ಮದುಮಗನೊಬ್ಬನಿಲ್ಲ, ಹಾಗೂ ಮದುವೆಯಿಂದ ಬರಬೇಕಾದ ಜೀವನಾಂಶ, ಮನೆ, ಮಕ್ಕಳಿಗೆ ತಂದೆಯ ಹೆಸರು ಇವು ಯಾವುವೂ ಇಲ್ಲ. ಹುಡುಗಿ ಮೈನೆರೆದ ಮೇಲೆ ಅವಳನ್ನು ‘ಇಟ್ಟುಕೊಳ್ಳುವ’ ಗಂಡಸಿಗೆ ಮಾತ್ರ ಈ ವಿಧಿಗಳಲ್ಲಿ ಪಾತ್ರವೂ ಇಲ್ಲ, ಹೊಣೆಯೂ ಇಲ್ಲ. ಆತ ಬಹುತೇಕ ಮೇಲುಜಾತಿಯವನು, ವಿವಾಹಿತ. ಧಾರ್ಮಿಕ ಕ್ರಿಯೆಯ ಫಲವನ್ನು ಉಣ್ಣುವವನು ಆ ಕ್ರಿಯೆಯಲ್ಲಿ ಎಲ್ಲಿಯೂ ಕಾಣಿಸಿಕೊಳ್ಳದಂತೆ ಈ ಪದ್ಧತಿ ನೋಡಿಕೊಂಡಿದೆ.

ಜೋಗತಿಯರೆಲ್ಲರೂ ದೇವದಾಸಿಯರಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಗಂಡ, ಮಕ್ಕಳೊಂದಿಗೆ ಬಾಳುತ್ತ ಹರಕೆಯ ಕಾರಣದಿಂದ ಕೊಡ ಹೊತ್ತು ಜೋಗಾಡುವ ಹೆಂಗಸರೂ ಇದ್ದಾರೆ. ಎರಡನ್ನೂ ಒಂದೇ ಮಾಡಿ ಬರೆದುದರಿಂದ ಕೆಲವು ಹಳೆಯ ವರದಿಗಳಲ್ಲಿ ಗೊಂದಲ ಉಂಟಾಗಿದೆ.

ಕಥೆ ಮತ್ತು ಹುಣ್ಣಿಮೆ

ರೇಣುಕೆಯ ಕಥೆಯ ಶಿಷ್ಟ ರೂಪ ಪ್ರಸಿದ್ಧವಾಗಿದೆ. ಮರಳಿನ ಕೊಡ, ಹಾವಿನ ಸಿಂಬೆಯೊಡನೆ ನೀರು ತರುತ್ತಿದ್ದ ಪತಿವ್ರತೆ ಒಂದು ದಿನ ಹೊಳೆಯಲ್ಲಿ ಜಲಕ್ರೀಡೆಯಾಡುತ್ತಿದ್ದವರನ್ನು ನೋಡಿ ಕ್ಷಣಕಾಲ ಮೈಮರೆತಳು, ಕೊಡ ಒಡೆಯಿತು, ಜಮದಗ್ನಿ ಸಿಟ್ಟಾದ, ಪರಶುರಾಮ ತಾಯಿಯ ತಲೆ ಕಡಿದ. ಜನಪದರ ಹೇಳಿಕೆಗಳಲ್ಲಿ ಈ ಕಥೆಯ ನಡುವೆ ದೀರ್ಘವಾದ ಅಲೆದಾಟವೊಂದು ಸೇರಿಕೊಳ್ಳುತ್ತದೆ. ಶಾಪದಿಂದ ಮೈಯೆಲ್ಲ ಕೊಳೆತು ಮನೆಯಿಂದ ಹೊರಬಿದ್ದ ರೇಣುಕೆ ಎಕ್ಕಯ್ಯ, ಜೋಗಯ್ಯರ ಆರೈಕೆಯಿಂದ ಜೋಗುಳಬಾವಿಯಲ್ಲಿ ಮಿಂದು ಗುಣವಾಗುತ್ತಾಳೆ, ಜೋಗ ಬೇಡುತ್ತಾಳೆ. ಅವಳಿಗೆ ಆಶ್ರಯ ಕೊಟ್ಟವಳು ಕೇರಿಯ ಮಾತಂಗಿ. ಚೌಡಿಕೆಯ ಹಾಡುಗಾರ್ತಿಯರು ತಲೆ ಕಡಿದ ಘಟನೆಗಿಂತ ಹೆಚ್ಚು ಹೊತ್ತು ನಿಲ್ಲುವುದು ಈ ಅಲೆದಾಟದ ಮೇಲೆ. ಕೇಳುವ ಹೆಂಗಸರು ಕಣ್ಣೀರು ಹಾಕುವುದೂ ಅಲ್ಲಿಯೇ.

ಸವದತ್ತಿಯ ಆಚರಣಾ ವರ್ಷವೂ ಈ ಕಥೆಯನ್ನು ಅನುಸರಿಸುತ್ತದೆ. ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಗೆ ಜಮದಗ್ನಿಯ ಮರಣವನ್ನು ನೆನೆದು ದೇವಿಯನ್ನು ವಿಧವೆಯೆಂದು ಭಾವಿಸಲಾಗುತ್ತದೆ. ಜೋಗತಿಯರು ಬಳೆ ಒಡೆದುಕೊಳ್ಳುತ್ತಾರೆ. ಇದಕ್ಕೆ ರಂಡೆ ಹುಣ್ಣಿಮೆಯೆಂದೇ ಹೆಸರು. ಮಾಘದ ಭಾರತ ಹುಣ್ಣಿಮೆಗೆ ದೇವಿ ಮತ್ತೆ ಮುತ್ತೈದೆಯಾಗುತ್ತಾಳೆ. ಜೋಗತಿಯರು ಮತ್ತೆ ಬಳೆ ಇಡಿಸಿಕೊಳ್ಳುತ್ತಾರೆ. ಒಂದು ದೃಷ್ಟಿಯಿಂದ ಇದು ವೈಧವ್ಯದ ಕಳಂಕವನ್ನು ತಾತ್ಕಾಲಿಕವೆಂದು ಸಾರುವ ಅಪರೂಪದ ಆಚರಣೆ. ವಿಧವೆಯಾದ ದೇವಿ ಪೂಜೆಗೆ ಅನರ್ಹಳಾಗುವುದಿಲ್ಲ. ಇನ್ನೊಂದು ದೃಷ್ಟಿಯಿಂದ ಗಂಡನ ಸುಖವನ್ನು ಎಂದೂ ಕಾಣದ ಹೆಣ್ಣುಮಕ್ಕಳು ವರ್ಷಕ್ಕೊಮ್ಮೆ ದೇವಿಯ ಗಂಡನಿಗಾಗಿ ಬಳೆ ಒಡೆದುಕೊಳ್ಳುವ ಸಂದರ್ಭವೂ ಹೌದು. ಎರಡು ಅರ್ಥಗಳೂ ಏಕಕಾಲಕ್ಕೆ ಇವೆ. ಯಾವ ಅರ್ಥವನ್ನು ಎತ್ತಿ ಹಿಡಿಯಬೇಕೆಂಬುದನ್ನು ಆಚರಣೆಯನ್ನು ನಡೆಸುವವರು ನಿರ್ಧರಿಸುತ್ತಾರೆ. ಪರಂಪರೆಯೊಳಗಿನ ನಾಯಕತ್ವಕ್ಕೆ ಬೆಲೆಯಿರುವುದು ಈ ಕಾರಣಕ್ಕೆ.

ಬಸವಿ ಪದ್ಧತಿಯಲ್ಲಿ ಇದೇ ಇಬ್ಬಗೆಯನ್ನು ಬೇರೊಂದು ರೂಪದಲ್ಲಿ ಕಾಣಬಹುದು. ಬಳ್ಳಾರಿ ಸೀಮೆಯಲ್ಲಿ ಗಂಡುಸಂತಾನವಿಲ್ಲದ ಕುಟುಂಬಗಳು ಮಗಳನ್ನು ಬಸವಿ ಬಿಡುತ್ತಿದ್ದವು. ಬಸವಿಯಾದವಳು ತಂದೆಯ ಮನೆಯಲ್ಲಿಯೇ ಉಳಿಯುತ್ತಿದ್ದಳು, ತಂದೆಯ ಉತ್ತರಕ್ರಿಯೆ ಮಾಡುತ್ತಿದ್ದಳು, ಆಸ್ತಿಗೆ ಹಕ್ಕುದಾರಳಾಗುತ್ತಿದ್ದಳು. ಅವಳ ಮಕ್ಕಳು ಅವಳ ತಂದೆಯ ವಂಶವನ್ನು ಮುಂದುವರಿಸುತ್ತಿದ್ದರು. 19ನೆಯ ಶತಮಾನದ ಕೊನೆಯಲ್ಲಿ ಈ ಭಾಗದ ಬಸವಿಯರನ್ನು ಕುರಿತು ಬರೆದ ಫ್ರೆಡ್ ಫಾಸೆಟ್ ಅವರ ಲೇಖನದ ಶೀರ್ಷಿಕೆಯೇ ಅವರನ್ನು ಗಂಡಸರ ಹಕ್ಕುಗಳನ್ನು ಪಡೆಯುವ ಹೆಂಗಸರೆಂದು ವರ್ಣಿಸುತ್ತದೆ. ಮಗಳು ಮಗನಾಗಬೇಕಾದರೆ ಅವಳು ಮದುವೆಯನ್ನು ಬಿಟ್ಟುಕೊಡಬೇಕೆಂಬುದು ಆ ಹಕ್ಕಿನ ಬೆಲೆಯಾಗಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂದಿತು. 2005ರಲ್ಲಿ ಕೇಂದ್ರದ ತಿದ್ದುಪಡಿಯೂ ಬಂದಿತು. ಈಗ ಮಗಳಿಗೆ ಪಾಲು ಸಿಗಲು ಮುತ್ತಿನ ಅಗತ್ಯವಿಲ್ಲ. ಆದರೂ ಬಸವಿ ಬಿಟ್ಟ ಪ್ರಕರಣಗಳು ನಿಲ್ಲಲಿಲ್ಲವೆಂದರೆ, ಪಾಲು ಕೊಡಲು ಭೂಮಿಯೇ ಇಲ್ಲದ ಮನೆಗಳಲ್ಲಿ ಅದು ವೃದ್ಧ ತಂದೆತಾಯಿಯರನ್ನು ಸಾಕುವ ವ್ಯವಸ್ಥೆಯಾಗಿ ಉಳಿದಿತ್ತೆಂದೇ ತಿಳಿಯಬೇಕಾಗುತ್ತದೆ.

ಮೇಲಿನಿಂದ ಬಂದ ಸುಧಾರಣೆ

ಪದ್ಧತಿಯನ್ನು ನಿಲ್ಲಿಸುವ ಪ್ರಯತ್ನಗಳ ಇತಿಹಾಸದಲ್ಲಿ ಧಾರ್ಮಿಕ ಪ್ರಮಾಣವನ್ನು ಆಶ್ರಯಿಸಿದ ಮೊದಲ ಮುಖ್ಯ ಉದಾಹರಣೆ ಮೈಸೂರು ಸಂಸ್ಥಾನದ್ದು. ದೇವಾಲಯಗಳಲ್ಲಿ ಹೆಣ್ಣುಮಕ್ಕಳ ಗೆಜ್ಜೆಪೂಜೆ ಹಾಗೂ ಸೇವೆಗಳನ್ನು ಸಂಸ್ಥಾನದ ಸರ್ಕಾರ 1909ರ ಆಜ್ಞೆಯ ಮೂಲಕ ನಿಲ್ಲಿಸಿತು. ಈ ಕ್ರಮಕ್ಕೆ ಆಗಮ ಪಂಡಿತರ ಅಭಿಪ್ರಾಯವನ್ನು ಆಧಾರವಾಗಿ ಬಳಸಲಾಯಿತು. ಆಗಮಗಳು ಸೇವೆಗೆ ಶುದ್ಧಾಚಾರವನ್ನು ವಿಧಿಸಿವೆ, ಈಗಿನವರಲ್ಲಿ ಅದು ಇಲ್ಲ, ಆದ್ದರಿಂದ ಸೇವೆಯೇ ಬೇಡ ಎಂಬುದು ವಾದದ ಸಾರ. ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ದೇವದಾಸಿಯರು ತಮ್ಮ ಪರಂಪರಾಗತ ಹಕ್ಕನ್ನು ಉಳಿಸಿಕೊಡಬೇಕೆಂದು ಸರ್ಕಾರಕ್ಕೆ ಅರ್ಜಿ ಸಲ್ಲಿಸಿದರು. ಅದು ಮನ್ನಣೆ ಪಡೆಯಲಿಲ್ಲ. ಪಂಡಿತರು ದೇವಾಲಯದ ಪಾವಿತ್ರ್ಯವನ್ನು ಕಾಪಾಡಿದರು. ಆ ಹೆಂಗಸರು ಮುಂದೆ ಏನು ಉಣ್ಣಬೇಕೆಂಬ ಪ್ರಶ್ನೆ ಅವರ ಅಭಿಪ್ರಾಯದ ವ್ಯಾಪ್ತಿಗೆ ಸೇರಿರಲಿಲ್ಲ. ಧಾರ್ಮಿಕ ಪ್ರಮಾಣದಿಂದ ಒಂದು ಪದ್ಧತಿ ನಿಂತಿತೆಂಬ ಮಾತ್ರಕ್ಕೆ ಅದನ್ನು ಸ್ತ್ರೀನ್ಯಾಯವೆನ್ನಲಾಗದು ಎಂಬುದಕ್ಕೆ ಈ ಪ್ರಕರಣ ನಿದರ್ಶನ.

ಉತ್ತರದಲ್ಲಿ ಬೇರೆ ಬಗೆಯ ಪ್ರಯತ್ನಗಳು ನಡೆದವು. ಶಾಹು ಮಹಾರಾಜರ ಕೊಲ್ಹಾಪುರ ಸಂಸ್ಥಾನ 1920ರಲ್ಲಿ ಜೋಗತಿಯರನ್ನು ಕುರಿತು ಕಾನೂನು ಮಾಡಿತು. ಮುಂಬಯಿ ಪ್ರಾಂತ್ಯದ 1934ರ ದೇವದಾಸಿ ಸಂರಕ್ಷಣಾ ಕಾಯ್ದೆ ಆಗಿನ ಬೆಳಗಾವಿ, ಧಾರವಾಡ, ಬಿಜಾಪುರ ಜಿಲ್ಲೆಗಳಿಗೂ ಅನ್ವಯಿಸಿತು. ಮುತ್ತು ಕಟ್ಟಿಸಿಕೊಂಡ ಹೆಣ್ಣನ್ನು ಬಿಟ್ಟು ಕ್ರಿಯೆ ನಡೆಸುವವರನ್ನೂ ಅದಕ್ಕೆ ನೆರವಾಗುವವರನ್ನೂ ಅದು ಶಿಕ್ಷಾರ್ಹರನ್ನಾಗಿ ಮಾಡಿತು. 1936ರ ಜೂನ್ ತಿಂಗಳಲ್ಲಿ ಮುಂಬಯಿಯ ಪರೇಲಿನ ಸಭೆಯೊಂದರಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅವರು ಜೋಗತಿಯರು, ದೇವದಾಸಿಯರು, ಪೋತರಾಜರು ಮೊದಲಾದವರನ್ನು ಉದ್ದೇಶಿಸಿ ಮಾತನಾಡಿ, ಆ ಬಾಳನ್ನು ತೊರೆದು ಬರುವಂತೆ ಕರೆ ಕೊಟ್ಟರು. ಸಮುದಾಯದ ಮುಂದಾಳುವಾಗಿ ನಿಂತು ಆಡಿದ ಮಾತು ಅದಾದ್ದರಿಂದ ಕುಲದ ಹಿರಿಯರ ಮೇಲೆ ಅದಕ್ಕೆ ಕಾನೂನಿಗಿಲ್ಲದ ಒತ್ತಡವಿತ್ತು. ಮದರಾಸು ಪ್ರಾಂತ್ಯದ 1947ರ ಕಾಯ್ದೆ ಬಳ್ಳಾರಿಗೆ ಅನ್ವಯಿಸಿತು. ಕಾನೂನುಗಳಿಗೆ ಕೊರತೆಯಿರಲಿಲ್ಲ.

ಏಕೀಕೃತ ಕರ್ನಾಟಕದ ಕಾನೂನು 1982ರಲ್ಲಿ ರೂಪುಗೊಂಡು 1984ರಲ್ಲಿ ಜಾರಿಗೆ ಬಂದಿತು. ಕರ್ನಾಟಕ ದೇವದಾಸಿ (ಸಮರ್ಪಣಾ ನಿಷೇಧ) ಕಾಯ್ದೆಯ ಪ್ರಕಾರ ಸಮರ್ಪಣೆಯ ಕ್ರಿಯೆಯನ್ನು ನಡೆಸುವ, ಅನುಮತಿಸುವ, ಅದರಲ್ಲಿ ಭಾಗವಹಿಸುವ ಅಥವಾ ಪ್ರಚೋದಿಸುವ ವ್ಯಕ್ತಿಗೆ 3 ವರ್ಷಗಳವರೆಗೆ ಸೆರೆವಾಸ ಹಾಗೂ 2,000 ರೂಪಾಯಿಗಳವರೆಗೆ ದಂಡ. ತಂದೆತಾಯಿ, ಪೋಷಕರು ಅಥವಾ ಸಂಬಂಧಿಕರಾಗಿದ್ದಲ್ಲಿ 5 ವರ್ಷಗಳವರೆಗೆ ಸೆರೆವಾಸ, 5,000 ರೂಪಾಯಿಗಳವರೆಗೆ ದಂಡ. ಅರ್ಚಕನಿಗಿಂತ ತಾಯಿಗೆ ಹೆಚ್ಚಿನ ಶಿಕ್ಷೆ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. ಸ್ವತಃ ಮುತ್ತು ಕಟ್ಟಿಸಿಕೊಂಡ ತಾಯಿ ಹಸಿವಿನಿಂದಲೋ ಭಯದಿಂದಲೋ ಮಗಳಿಗೆ ಮುತ್ತು ಕಟ್ಟಿಸಿದಾಗ ಅವಳು ಅಪರಾಧಿ. ಮಗಳನ್ನು ಇಟ್ಟುಕೊಂಡ ಊರಿನ ಧಣಿ ಕ್ರಿಯೆಯಲ್ಲಿ ಕಾಣಿಸಿಕೊಳ್ಳದ ಕಾರಣ ಅವನನ್ನು ಕಾನೂನಿನ ಹಿಡಿತಕ್ಕೆ ತರುವುದು ಕಷ್ಟ.

ಕಾಯ್ದೆಯ ನೇರ ಪರಿಣಾಮ ಸವದತ್ತಿಯಲ್ಲಿ ಕಂಡುಬಂದಿತು. ಜಾತ್ರೆಯಲ್ಲಿ ಪೊಲೀಸರು, ಸ್ವಯಂಸೇವಕರು ಕಾವಲು ನಿಂತರು, ಫಲಕಗಳು ಬಂದವು, ಗುಡ್ಡದ ಮೇಲೆ ಬಹಿರಂಗವಾಗಿ ಮುತ್ತು ಕಟ್ಟುವುದು ನಿಂತಿತು. ಆದರೆ ದೊಡ್ಡ ದೇವಾಲಯದ ಅರ್ಚಕರು ಹಿಂದೆ ಸರಿದಷ್ಟೂ ಕ್ರಿಯೆ ಚಿಕ್ಕ ಗುಡಿಗಳಿಗೆ, ಹೊಲದ ಬದುಗಳಿಗೆ, ಮನೆಯ ಜಗಲಿಗಳಿಗೆ ಸರಿಯಿತು. ಕಂಬಳಿಯ ಗದ್ದುಗೆ, ಬಳೆ, ಮೆರವಣಿಗೆ ಬಿಟ್ಟುಹೋದವು. ಹಿರಿಯ ಜೋಗತಿಯೊಬ್ಬಳು ರಾತ್ರಿಯ ಹೊತ್ತು ಒಂದೇ ಒಂದು ಮಣಿಯನ್ನು ದಾರಕ್ಕೆ ಪೋಣಿಸಿ ಕಟ್ಟುವಷ್ಟಕ್ಕೆ ಕ್ರಿಯೆ ಸಂಕ್ಷಿಪ್ತಗೊಂಡಿತು. 2014ರ ಫೆಬ್ರುವರಿಯಲ್ಲಿ ಹರಪನಹಳ್ಳಿ ತಾಲ್ಲೂಕಿನ ಉತ್ತಂಗಿ ಮಾಲಾ ದುರ್ಗಾ ದೇವಾಲಯದಲ್ಲಿ ಸಮರ್ಪಣೆ ನಡೆಯಲಿದೆಯೆಂಬ ದೂರಿನ ಮೇಲೆ ಅದನ್ನು ತಡೆಯುವಂತೆ ಸುಪ್ರೀಂ ಕೋರ್ಟು ರಾಜ್ಯದ ಮುಖ್ಯ ಕಾರ್ಯದರ್ಶಿಗೆ ನಿರ್ದೇಶನ ನೀಡಬೇಕಾಯಿತೆಂದರೆ, ಕಾಯ್ದೆ ಬಂದು 30 ವರ್ಷಗಳ ಮೇಲೂ ಚಿಕ್ಕ ಕ್ಷೇತ್ರಗಳ ಸ್ಥಿತಿ ಏನಿತ್ತೆಂಬುದು ತಿಳಿಯುತ್ತದೆ.

ಇದೇ ದೇವಿಯ ಇನ್ನೊಂದು ನೆಲೆಯಾದ ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಪ್ರಸಂಗ ಹೋಲಿಕೆಗೆ ಯೋಗ್ಯವಾದುದು. ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ರೇಣುಕಾಂಬೆಯ ಗುಡ್ಡಕ್ಕೆ ಹೋಗುವ ಹರಕೆಯನ್ನು ತಡೆಯಲು 1986ರ ಮಾರ್ಚ್‌ನಲ್ಲಿ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರು ಮುಂದಾದಾಗ ಘರ್ಷಣೆ ಸಂಭವಿಸಿತು. ಮಹಿಳಾ ಪೊಲೀಸರನ್ನೂ ಬಿಡದೆ ಬೆತ್ತಲೆಗೊಳಿಸಲಾಯಿತು. ನ್ಯಾಯಮೂರ್ತಿ ಚನ್ನಬಸಪ್ಪ ಸಮಿತಿ ನೇಮಕವಾಯಿತು, ಸೇವೆ ನಿಷೇಧಕ್ಕೊಳಗಾಯಿತು. ಬೆತ್ತಲೆ ಸೇವೆ ಎಲ್ಲರ ಕಣ್ಣಿಗೆ ಬೀಳುವಂತಹದಾದುದರಿಂದ ತಡೆ ಫಲಿಸಿತು. ಮುತ್ತು ಕಣ್ಣಿಗೆ ಬೀಳದ್ದು. ಕಣ್ಣಿಗೆ ಬೀಳದ ಕ್ರಿಯೆಯನ್ನು ತಡೆಯಲು ಅದನ್ನು ಮಾಡಬಲ್ಲವರೇ ಮನಸ್ಸು ಮಾಡಬೇಕು.

ಮಠಗಳ ಪಾತ್ರದ ಬಗ್ಗೆ ಬರೆಯುವುದಕ್ಕೆ ಹೆಚ್ಚಿಲ್ಲ. ಶರಣ ಪರಂಪರೆಯಲ್ಲಿ ಸೂಳೆ ಸಂಕವ್ವೆಯಂತಹವರಿಗೂ ವಚನಕಾರ್ತಿಯ ಸ್ಥಾನ ದೊರೆತಿತ್ತು. 1970ರಲ್ಲಿ ಮಾತೆ ಮಹಾದೇವಿಯವರು ಜಗದ್ಗುರು ಪೀಠವನ್ನೇರಿದಾಗ ಹೆಣ್ಣಿಗೆ ಪೀಠವುಂಟೇ ಎಂಬ ಚರ್ಚೆಯೂ ನಡೆಯಿತು. ಕೆಲವು ಸ್ವಾಮಿಗಳು ದೇವದಾಸಿ ಪದ್ಧತಿಯ ವಿರುದ್ಧ ಮಾತನಾಡಿದ್ದಾರೆ, ಸಾಮೂಹಿಕ ವಿವಾಹಗಳನ್ನು ನಡೆಸಿದ್ದಾರೆ. ಆದರೆ ಮುತ್ತು ಕಟ್ಟುವ ವಿಧಿ ನಡೆಯುವ ಕೇರಿಗಳು ಬಹುಮಟ್ಟಿಗೆ ಮಠಗಳ ಶಿಷ್ಯವರ್ಗದ ಆಚೆ ಉಳಿದವು. ಜೋಗತಿಗೆ ಗುರು ಇನ್ನೊಬ್ಬ ಜೋಗತಿ. ಸ್ವಾಮಿಯ ಅಪ್ಪಣೆ ಅವಳನ್ನು ತಲುಪುವ ದಾರಿಯೇ ಇರಲಿಲ್ಲ.

ಜೋಗತಿಯರ ನಿರಾಕರಣೆ

ಬದಲಾವಣೆಯ ನಿಜವಾದ ತಿರುವು ಬಂದುದು ಮುತ್ತು ಕಟ್ಟಿಸಿಕೊಂಡವರೇ ಸಂಘಟಿತರಾದಾಗ. ಬೆಳಗಾವಿ ಜಿಲ್ಲೆಯ ಘಟಪ್ರಭಾದಲ್ಲಿ ಮೈರಾಡ ಸಂಸ್ಥೆಯ ನೆರವಿನಿಂದ ಆರಂಭವಾದ ಕೆಲಸ 1997ರಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯ ರೂಪ ಪಡೆಯಿತು. ಸಂಕ್ಷೇಪವಾಗಿ ‘ಮಾಸ್’ ಎಂದು ಹೆಸರಾದ ಈ ಸಂಸ್ಥೆಯ ಸದಸ್ಯರೂ ನಡೆಸುವವರೂ ಹಿಂದಿನ ದೇವದಾಸಿಯರೇ. ಏಳನೆಯ ವಯಸ್ಸಿನಲ್ಲಿ ಮುತ್ತು ಕಟ್ಟಿಸಿಕೊಂಡಿದ್ದ ಸೀತವ್ವ ಜೋಡಟ್ಟಿ ಅವರು ಅದರ ನಾಯಕತ್ವ ವಹಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಅಥಣಿಯ ವಿಮೋಚನಾ ಸಂಘ ದೇವದಾಸಿಯರ ಮಕ್ಕಳಿಗಾಗಿ ವಸತಿಶಾಲೆ ನಡೆಸಿದುದೂ ಇದೇ ಪ್ರದೇಶದಲ್ಲಿ.

ಈ ಕೆಲಸವನ್ನು ಸಮಾಜಸೇವೆಯೆಂದೋ ಪುನರ್ವಸತಿಯೆಂದೋ ವರ್ಗೀಕರಿಸುವುದು ವಾಡಿಕೆ. ಜಾನಪದ ಅಧ್ಯಯನದ ದೃಷ್ಟಿಯಿಂದ ಅದರಲ್ಲಿ ಇನ್ನೊಂದು ಪದರವಿದೆ. ಜಡೆ ಬಂದ ಹುಡುಗಿಯ ಮನೆಗೆ ಅಧಿಕಾರಿಯೊಬ್ಬ ಹೋಗಿ ಇದು ಮೂಢನಂಬಿಕೆಯೆಂದರೆ ಮನೆಯವರು ತಲೆಯಾಡಿಸಿ ಕಳಿಸುತ್ತಾರೆ. ಅದೇ ಮನೆಗೆ ಹಿರಿಯ ಜೋಗತಿಯೊಬ್ಬಳು ಹೋಗಿ ಜಡೆಯನ್ನು ತೊಳೆದು ಬಿಡಿಸಿದರೆ ಅಥವಾ ಕತ್ತರಿಸಿದರೆ ಅದರ ಅರ್ಥವೇ ಬೇರೆ. ಸೂಚನೆಯನ್ನು ಓದುವ ಅಧಿಕಾರ ಯಾರಿಗಿತ್ತೋ ಅವರೇ ಅದನ್ನು ಬೇರೆಯಾಗಿ ಓದುತ್ತಿದ್ದಾರೆ. ಕತ್ತರಿಸಿದವಳಿಗೆ ಏನೂ ಆಗದಿರುವುದನ್ನು ಊರು ವರ್ಷಗಟ್ಟಲೆ ಕಾದು ನೋಡುತ್ತದೆ. ಆ ಬಳಿಕವೇ ಎರಡನೆಯ ಜಡೆಗೆ ಕತ್ತರಿ ತಾಗುತ್ತದೆ. ನಂಬಿಕೆಯನ್ನು ಬಿಡದೆ ಕ್ರಿಯೆಯನ್ನು ಬಿಡುವ ಈ ಬಗೆ ವಿಚಾರವಾದಿಗಳಿಗೆ ಅರೆಮನಸ್ಸಿನದಾಗಿ ಕಾಣಬಹುದು. ಆದರೆ ಎಲ್ಲಮ್ಮನನ್ನು ತೊರೆಯಿರೆಂದು ಹೇಳುವುದು ಈ ಹೆಂಗಸರಿಗೆ ತಮ್ಮ ಏಕೈಕ ಆಸರೆಯನ್ನು ತೊರೆಯಿರೆಂದು ಹೇಳಿದಂತೆ. ತಾಯಿ ಹೆಣ್ಣುಮಗಳ ಕಣ್ಣೀರನ್ನು ಬೇಡುವುದಿಲ್ಲವೆಂಬ ಮಾತು ಅವರಿಗೆ ಒಪ್ಪಿಗೆಯಾಗುತ್ತದೆ, ಏಕೆಂದರೆ ಅಲೆದಾಡಿದ ರೇಣುಕೆಯ ಕಥೆ ಅದಕ್ಕೆ ಇಂಬು ಕೊಡುತ್ತದೆ. ಮಾತಂಗಿ ಆಶ್ರಯ ಕೊಟ್ಟಳೇ ಹೊರತು ಮುತ್ತು ಕಟ್ಟಲಿಲ್ಲ.

ಜೋಗತಿಯ ನಿರಾಕರಣೆಗೆ ಅವಳು ತೆರುವ ಬೆಲೆಯೂ ಉಂಟು. ಮುತ್ತು ಕಟ್ಟುವ ಕ್ರಿಯೆಯಲ್ಲಿ ಅವಳಿಗೆ ಸೀರೆ, ಖಣ, ದಕ್ಷಿಣೆ, ಊಟ ಸಿಗುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಊರಿನ ಉಳಿದೆಲ್ಲ ಸಂದರ್ಭಗಳಲ್ಲಿ ಹೊರಗೆ ನಿಲ್ಲುವವಳು ಆ ಒಂದು ದಿನ ಎಲ್ಲರೂ ಕೈಮುಗಿಯುವ ಸ್ಥಾನದಲ್ಲಿರುತ್ತಿದ್ದಳು. ಇದನ್ನು ಬಿಟ್ಟುಕೊಡು ಎಂದಾಗ ಬದಲಿಗೆ ಕೊಡುವುದೇನು ಎಂಬ ಪ್ರಶ್ನೆ ಏಳುತ್ತದೆ. ಸಂಘಗಳು ಕೊಟ್ಟ ಉತ್ತರವೆಂದರೆ ಇನ್ನೊಂದು ಬಗೆಯ ಮುಂದಾಳುತನ: ಸ್ವಸಹಾಯ ಗುಂಪಿನ ಹಿರಿತನ, ಜಾತ್ರೆಯಲ್ಲಿ ಕಾವಲು ನಿಲ್ಲುವ ಹೊಣೆ, ಪಂಚಾಯಿತಿಯಲ್ಲಿ ಮಾತನಾಡುವ ಅವಕಾಶ. ಕುಲದ ದೈವ ಕೂಡಿದಾಗ ಹಿಂದೆ ಗಂಡಸರಷ್ಟೇ ಕೂರುತ್ತಿದ್ದ ಕಡೆ ಈ ಹೆಂಗಸರು ಹೋಗಿ ಕುಳಿತ ಸಂದರ್ಭಗಳನ್ನು ಸಂಶೋಧಕರು ವಿವರವಾಗಿ ದಾಖಲಿಸಬೇಕಾಗಿದೆ. ಕಾನೂನಿನ ಇತಿಹಾಸಕ್ಕೆ ದೊರೆತ ಗಮನದ ಹತ್ತರಲ್ಲೊಂದು ಪಾಲೂ ಅವಕ್ಕೆ ದೊರೆತಿಲ್ಲ.

ಹಾಡಿನ ಪ್ರಶ್ನೆ

ಮುತ್ತು ನಿಂತರೆ ಚೌಡಿಕೆಯೂ ನಿಲ್ಲುವುದೇ ಎಂಬ ಆತಂಕವನ್ನು ಕೆಲವು ವಿದ್ವಾಂಸರು ವ್ಯಕ್ತಪಡಿಸಿದ್ದಾರೆ. ಚೌಡಿಕೆ, ತುಂತುಣಿ, ತಾಳಗಳೊಡನೆ ಹಾಡುವ ಎಲ್ಲಮ್ಮನ ಕಥನ, ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಜೋಗತಿ ನೃತ್ಯ ಇವು ದೀಕ್ಷೆಯ ಮೂಲಕ ಗುರುವಿನಿಂದ ಶಿಷ್ಯೆಗೆ ಬಂದವು ಎಂಬುದು ನಿಜ. ಆದರೆ ಒಂದು ಕಲೆಯನ್ನು ಉಳಿಸಲು ಹುಡುಗಿಯೊಬ್ಬಳ ಬಾಳನ್ನು ಕೊಡಬೇಕಾಗಿದ್ದರೆ ಅಂತಹ ಉಳಿವಿನ ಬಗ್ಗೆ ಸಂಗ್ರಾಹಕರಿಗೆ ಮೋಹವಿರಬಾರದು. ವಾಸ್ತವದಲ್ಲಿ ಕಲೆ ಬೇರೆ ದಾರಿಗಳನ್ನು ಹಿಡಿದಿದೆ. ಮುತ್ತಿಲ್ಲದ ಗಂಡಸರೂ ಹೆಂಗಸರೂ ಚೌಡಿಕೆ ಕಲಿತಿದ್ದಾರೆ. ಮೇಳಗಳು ವೇದಿಕೆಗೆ ಬಂದಿವೆ.

ಈ ಸಂದರ್ಭದಲ್ಲಿ ಜೋಗಪ್ಪಗಳ ವಿಷಯ ಬರುತ್ತದೆ. ಗಂಡಾಗಿ ಹುಟ್ಟಿ ಹೆಣ್ಣಿನ ಬಾಳನ್ನು ಆರಿಸಿಕೊಂಡವರಿಗೆ ಎಲ್ಲಮ್ಮನ ಮುತ್ತು ಮನೆಯಿಂದ ಹೊರದೂಡಿದ ಮೇಲೆ ದೊರೆತ ಆಸರೆಯಾಗಿದೆ. ಅದೇ ಮಣಿಸರ ಒಬ್ಬರಿಗೆ ಬಂಧನ, ಇನ್ನೊಬ್ಬರಿಗೆ ಗುರುತು. ಹುಲಿಗೆಮ್ಮನ ಸನ್ನಿಧಿಯಲ್ಲಿ ದೀಕ್ಷೆ ಪಡೆದ ಮಂಜಮ್ಮ ಜೋಗತಿ ಅವರು ಕಾಳವ್ವ ಜೋಗತಿಯವರ ಬಳಿ ಕಲೆಯನ್ನು ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪುರಸ್ಕೃತರಾದರು. ಪರಂಪರೆಯ ಒಳಗಿನಿಂದ ಬಂದ ಧಾರ್ಮಿಕ ಸ್ಥಾನವೊಂದು ಸಾರ್ವಜನಿಕ ಸಂಸ್ಥೆಯ ಅಧಿಕಾರವಾಗಿ ಪರಿವರ್ತನೆಗೊಂಡ ಉದಾಹರಣೆಯಿದು. ನಿಷೇಧದ ಕಾನೂನನ್ನು ರೂಪಿಸಿದವರ ಕಲ್ಪನೆಯಲ್ಲಿ ಜೋಗಪ್ಪ ಇರಲಿಲ್ಲ. ‘ಸ್ತ್ರೀ’ ಎಂಬ ಶಬ್ದದ ವ್ಯಾಪ್ತಿ ಎಷ್ಟೆಂಬ ಪ್ರಶ್ನೆಯನ್ನು ಎಲ್ಲಮ್ಮನ ಅಂಗಳ ಬಹುಕಾಲದಿಂದ ಎತ್ತುತ್ತ ಬಂದಿದ್ದರೂ ಲಿಂಗನ್ಯಾಯದ ಚರ್ಚೆಗಳು ಅದನ್ನು ಕೇಳಿಸಿಕೊಂಡದ್ದು ತಡವಾಗಿ.

ಪಟ್ಟಿಯಲ್ಲಿ ಹೆಸರು

ರಾಜ್ಯ ಸರ್ಕಾರ 1993-94ರಲ್ಲಿ ನಡೆಸಿದ ಸಮೀಕ್ಷೆ 22,873 ದೇವದಾಸಿಯರನ್ನು ಗುರುತಿಸಿತು. 2007-08ರ ಸಮೀಕ್ಷೆಯ ಬಳಿಕ ಒಟ್ಟು ಸಂಖ್ಯೆ 46,660ಕ್ಕೆ ಏರಿತು. ಮಾಸಾಶನ, ವಸತಿ, ಸಾಲ ಮೊದಲಾದ ಸೌಲಭ್ಯಗಳು ಈ ಪಟ್ಟಿಗಳನ್ನೇ ಆಧರಿಸಿ ಬಂದವು. ಪಟ್ಟಿಯಿಂದ ಹೊರಗುಳಿದವರು ತಮ್ಮನ್ನೂ ಸೇರಿಸಬೇಕೆಂದು ಬೇಡಿಕೆ ಸಲ್ಲಿಸುತ್ತ ಬಂದರು. 2025ರ ಆಗಸ್ಟ್‌ನಲ್ಲಿ ವಿಧಾನಮಂಡಲದ ಮುಂದೆ ಬಂದ ಹೊಸ ದೇವದಾಸಿ ವಿಧೇಯಕ ತಡೆ, ನಿಷೇಧಗಳ ಜೊತೆಗೆ ಪರಿಹಾರ, ಪುನರ್ವಸತಿ ಹಾಗೂ ಮಕ್ಕಳ ಗುರುತು ಮತ್ತು ಉತ್ತರಾಧಿಕಾರದ ಹಕ್ಕುಗಳನ್ನೂ ಒಳಗೊಂಡಿತು. ತಂದೆಯೆಂಬುವನನ್ನು ಕಾನೂನು ಹುಡುಕತೊಡಗಿದ್ದು ಇದರಲ್ಲಿಯ ಹೊಸ ಅಂಶ.

ಪಟ್ಟಿಗೆ ಸೇರಲು ಒಬ್ಬ ಹೆಂಗಸು ತಾನು ದೇವದಾಸಿಯೆಂಬುದನ್ನು ಸಿದ್ಧಪಡಿಸಬೇಕು. ಕಾಯ್ದೆ ಬರುವ ಮುನ್ನ ಗುಡ್ಡದ ಮೇಲೆ ಎಲ್ಲರೆದುರು ಮುತ್ತು ಕಟ್ಟಿಸಿಕೊಂಡವಳಿಗೆ ಊರೇ ಸಾಕ್ಷಿ. ಕಾಯ್ದೆ ಬಂದ ಮೇಲೆ ಕತ್ತಲಲ್ಲಿ ಕಟ್ಟಿಸಿಕೊಂಡವಳಿಗೆ ಸಾಕ್ಷಿ ಹೇಳಬೇಕಾದವರು ಆ ರಾತ್ರಿ ಅಲ್ಲಿದ್ದ ಹಿರಿಯರು ಮತ್ತು ಮುತ್ತು ಕಟ್ಟಿದ ಜೋಗತಿ. ಅವರು ಬಾಯಿ ಬಿಟ್ಟರೆ ತಾವೇ ಅಪರಾಧವನ್ನು ಒಪ್ಪಿಕೊಂಡಂತಾಗುತ್ತದೆ. ಬಾಯಿ ಬಿಡದಿದ್ದರೆ ಅವಳ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ.